ಇಂಗ್ಲೆಂಡ್ ಚಳೀಲಿ ಹುರುಳಿಕಾಯಿ ಬೆಳೆಯೋದು ಹೇಗೆ, ಸ್ಲಗ್ (ಚಿಪ್ಪಿಲ್ಲದ ಬಸವನಹುಳ) ಕಾಟದ ಮಧ್ಯೆ

ಏಪ್ರಿಲ್‌ನಲ್ಲಿ ಎರಡು ದಿನ ಬಿಸಿಲು ಬಂತು ಅಂತ ಬೀಜ ನೆಲಕ್ಕೆ ಹಾಕ್ಬೇಡಿ, ಇಲ್ಲಿ ಎಷ್ಟೋ ಕಡೆ ಮೇ ಅರ್ಧದವರೆಗೂ ಫ್ರಾಸ್ಟ್ (ಹೆಪ್ಪುಗಟ್ಟೋ ಇಬ್ಬನಿ) ಬೀಳುತ್ತೆ, ತಣ್ಣಗಿರೋ ಮಣ್ಣಲ್ಲಿ ಬೀಜ ಕೊಳೆತೇ ಹೋಗುತ್ತೆ. ಕಿಟಕಿ ಹತ್ರ ಕುಂಡದಲ್ಲಿ ಸಸಿ ಮಾಡಿ, ಗೇಣುದ್ದ ಆದ್ಮೇಲೆ ಒಂದು ವಾರ ಹಗಲು ಹೊರಗೆ ರಾತ್ರಿ ಒಳಗೆ ಇಟ್ಟು ರೂಢಿ ಮಾಡ್ಸಿ ಆಮೇಲೆ ನೆಡಿ.

ಎಳೇ ಸಸಿ ಅಂದ್ರೆ ಸ್ಲಗ್‌ಗೆ ಹಬ್ಬದೂಟ. ಕತ್ತಲಾದ್ಮೇಲೆ ಟಾರ್ಚ್ ಹಿಡ್ಕೊಂಡು ಎಲೆ ಅಡಿ ನೋಡಿ, ಅಂಟಂಟಾಗಿ ಕೂತಿರ್ತವೆ, ಗ್ಲೌಸ್ ಹಾಕ್ಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಅವನ್ನ ತಡೆಯೋಕೆ ಗಿಡದ ಸುತ್ತ ಮೊಟ್ಟೆ ಚಿಪ್ಪು ಸುರಿಯೋದು ನಂಗಂತೂ ದಂಡ ಅನ್ಸುತ್ತೆ. ಸ್ಲಗ್ ಕೊಲ್ಲೋ ಮೆಟಾಲ್ಡಿಹೈಡ್ ಗುಳಿಗೆ ಇಲ್ಲಿ 2022ರಿಂದ ಬ್ಯಾನ್, ಅದರ ಬದಲು ಫೆರಿಕ್ ಫಾಸ್ಫೇಟ್ ಇರೋ ಗುಳಿಗೆ ತಗೊಂಡು ತೆಳ್ಳಗೆ ಉದುರಿಸಿ. ನೆಮಟೋಡ್ (ಸ್ಲಗ್ ಕೊಲ್ಲೋ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ) ಹಾಕೋದಾದ್ರೆ ಮಣ್ಣು 5 ಡಿಗ್ರಿ ದಾಟಿರ್ಬೇಕು. ನೀರು ಬೆಳಿಗ್ಗೆನೇ ಹಾಕಿ, ಸಂಜೆ ಮಣ್ಣು ಒದ್ದೆ ಇದ್ರೆ ಸ್ಲಗ್ಗುಗಳು ಸಲೀಸಾಗಿ ಹರಿದು ಬರ್ತವೆ.