ಅಕ್ಕಿಕಾಳಿಗಿಂತ ಚಿಕ್ಕ ಚಿಪ್ಪಿನೊಳಗೆ ವೀರ್ಯಾಣು ಹುಡುಕಿದ್ದು

ದಾವಣಗೆರೇಲಿ ಕೂತು ಸಮುದ್ರದ ಕಪ್ಪೆಚಿಪ್ಪಿನ ಮೇಲೆ ಪ್ರಾಜೆಕ್ಟ್ ಯಾಕೆ ಅಂತ ಎಲ್ರೂ ಕೇಳೋರು. ಕಾರವಾರದಲ್ಲಿ ನಂಗೆ ಬೇಕಾಗಿದ್ದು ಎರಡೇ ದಿನ ನೋಡ್ರಿ, ಇಳಿತದ ಹೊತ್ತಲ್ಲಿ ಕಲ್ಲು ಮಗುಚಿ 3-4 ಮಿಲಿಮೀಟರ್ ಚಿಪ್ಪುಗಳನ್ನ ಆರಿಸ್ಕೊಂಡೆ, ಮಿಕ್ಕಿದ್ದೆಲ್ಲಾ ಇಲ್ಲೇ ಲ್ಯಾಬಲ್ಲಿ. ಈ ಪುಟ್ಟ ಚಿಪ್ಪುಗಳು ವೀರ್ಯಾಣುನ ಮೈಯೊಳಗೆ ಕೂಡಿಡ್ತವಾ ಅಂತ ನೋಡೋದೇ ನನ್ನ ಪ್ರಾಜೆಕ್ಟ್.

ಮೊದಲನೇ ಸಲ ತಂದಿದ್ದು ಪೂರ್ತಿ ಹಾಳಾಯ್ತು. ಜೀವಂತ ಚಿಪ್ಪನ್ನ ಸೀದಾ ಅಂಗಾಂಶ ಕೊಳೀದಂಗೆ ಕಾಪಾಡೋ ಫಾರ್ಮಲಿನ್‌ಗೆ ಹಾಕ್ದೆ, ಅದು ಬಾಯಿ ಬಿಗಿಯಾಗಿ ಮುಚ್ಕೊಂಡ್ತು, ದ್ರಾವಣ ಒಳಗೆ ಇಳಿಯೋ ಹೊತ್ತಿಗೆ ಅಂಗಾಂಶ ಕೊಳೆತೇ ಹೋಗಿತ್ತು. ತುಂಬಾ ಬೇಜಾರಾಯ್ತು, ಅಷ್ಟೂ ಜೀವ ಸುಮ್ನೆ ಹೋಯ್ತಲ್ಲ ಅಂತ. ಎರಡನೇ ಸಲ 7.5% ಮೆಗ್ನೀಸಿಯಂ ಕ್ಲೋರೈಡ್ ದ್ರಾವಣಕ್ಕೆ ಅಷ್ಟೇ ಸಮುದ್ರದ ನೀರು ಬೆರೆಸಿ ಅದರಲ್ಲಿ ಬಿಟ್ಟೆ, ನಿಧಾನಕ್ಕೆ ಬಾಯಿ ಬಿಡ್ತವೆ, ಸೂಜಿ ಮುಟ್ಟಿಸಿದ್ರೂ ಮುಚ್ಕೊಳ್ಳದಿದ್ರೆ ಆಗ ಫಾರ್ಮಲಿನ್. ಆಮೇಲೆ ಇಡಿಟಿಎ ಅನ್ನೋ ರಾಸಾಯನಿಕದಲ್ಲಿ ಚಿಪ್ಪಿನ ಸುಣ್ಣ ಕರಗಿಸ್ಬೇಕು, ಇಲ್ಲಾಂದ್ರೆ ಅಂಗಾಂಶನ ತೆಳ್ಳಗೆ ಕುಯ್ಯೋ ಮೈಕ್ರೋಟೋಮ್ ಯಂತ್ರದ ಬ್ಲೇಡ್ ಹಲ್ಲು ಬೀಳ್ತದೆ. ಏಪ್ರಿಲ್ ಬಿಸಿಲಿಗೆ ಅಂಗಾಂಶ ಹುದುಗಿಸಿಟ್ಟ ಮೇಣದ ಬ್ಲಾಕ್ ಮೆತ್ತಗಾಗಿ, ಕುಯ್ದ ತೆಳ್ಳನೆ ಸೀಳು ಮುದುಡ್ತಿತ್ತು, ಜ್ಯೂಸ್ ಅಂಗಡಿಯಿಂದ ಐಸ್ ತಂದು ಬ್ಲಾಕ್ ಮೇಲಿಟ್ಟು ಬೆಳಿಗ್ಗೆ ಬೇಗ ಕುಯ್ತಿದ್ದೆ.

ಸಾಮಾನ್ಯ ಕಪ್ಪೆಚಿಪ್ಪಿನ ವೀರ್ಯಾಣು ಸರಳ: ಚಿಕ್ಕ ತಲೆ, ಹಿಂದೆ ಶಕ್ತಿ ಒದಗಿಸೋ ನಾಲ್ಕೈದು ಮೈಟೊಕಾಂಡ್ರಿಯಾ ಉಂಗುರದ ಥರ, ಒಂದು ಬಾಲ, ನೀರಿಗೆ ಬಿಟ್ರೆ ಮುಗೀತು. ಆದ್ರೆ ಇಷ್ಟು ಪುಟ್ಟ ಮೈಯಲ್ಲಿ ಲಕ್ಷಗಟ್ಟಲೆ ಮೊಟ್ಟೆಗೆ ಜಾಗ ಎಲ್ಲಿ? ಅದಕ್ಕೆ ಈ ಥರದ ಎಷ್ಟೋ ಜಾತಿಗಳು ಕೆಲವೇ ಮೊಟ್ಟೆ ಇಟ್ಟು ಕಿವಿರಿನ ಹತ್ರಾನೇ ಸಾಕ್ತವೆ, ಕೆಲವು ಬೇರೆಯವರ ವೀರ್ಯಾಣು ಪಡೆದು ಕೂಡಿಡ್ತವೆ. ಯುರೋಪಿನ ಕರ್ಟಿಯೆಲ್ಲಾ ಬೈಡೆಂಟೇಟಾ ಅಂತ ಒಂದು ಪುಟ್ಟ ಚಿಪ್ಪೈತೆ, ಬ್ರಿಟಲ್ ಸ್ಟಾರ್ ಅನ್ನೋ ನಕ್ಷತ್ರಮೀನಿನ ಥರದ ಪ್ರಾಣಿಯ ಬಿಲದಲ್ಲಿ ಅದರ ಜೊತೆ ಬದುಕೋದು, ಈ ಚಿಪ್ಪಿನಲ್ಲಿ ಎರಡು ಥರದ ವೀರ್ಯಾಣು, ಕೂಡಿಡೋಕೆ ಚೀಲಾನೂ ಐತೆ. ಅದನ್ನ ಓದಿಯೇ ನಾನು ಈ ಕೆಲಸಕ್ಕೆ ಕೈ ಹಾಕಿದ್ದು.

ಕಷ್ಟ ಏನಂದ್ರೆ ಒಂದೇ ಪ್ರಾಣಿ ಗಂಡೂ ಹೆಣ್ಣೂ ಆಗಿದ್ರೆ ಕಾಣೋ ವೀರ್ಯಾಣು ಅದರದ್ದೇನಾ, ಹೊರಗಿಂದ ಬಂದಿದ್ದಾ? ಒಂದು ಸೀಳು ನೋಡಿ ಹೇಳೋಕಾಗಲ್ಲ, ಸಾಲಾಗಿ ಎಲ್ಲಾ ಸೀಳೂ ನೋಡ್ಬೇಕು. ವೃಷಣದಲ್ಲಿ ಸುತ್ತ ಬೆಳೀತಿರೋ ಕೋಶಗಳಿರ್ತವೆ, ಕೂಡಿಟ್ಟ ಜಾಗದಲ್ಲಿ ಬಲಿತವು ಮಾತ್ರ. ನಂಗೆ ಎರಡು ಪ್ರಾಣೀಲಿ ಅಂಥ ಚೀಲ ಸಿಕ್ತು, ತಲೆಗಳೆಲ್ಲಾ ಗೋಡೆ ಕಡೆ, ಬಾಲ ಒಳಗೆ. ರಾತ್ರಿ ಒಂಬತ್ತಾಗಿತ್ತು, ಲ್ಯಾಬಲ್ಲಿ ಬೇರೆ ಯಾರೂ ಇರ್ಲಿಲ್ಲ, ಕಣ್ಣು ತುಂಬ್ಕೊಂಡು ಬಂತು.

ತಲೆ ತುದಿಯ ರಚನೆ ನೋಡೋಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಮುಂದಿನ ಸಲ ಅದಕ್ಕಂತ ಒಂದಿಷ್ಟನ್ನ ಕಡಲ ದಂಡೇಲೇ ಬಾಯಿ ಬಿಡಿಸಿ, ಸೂಕ್ಷ್ಮ ರಚನೆ ಕೆಡದಂಗೆ ಕಾಪಾಡೋ ಗ್ಲುಟರಾಲ್ಡಿಹೈಡ್‌ಗೆ ಹಾಕ್ಕೊಂಡು ಬರ್ತೀನಿ.