ಹನ್ನೊಂದನೆಯ ಡ್ರೈವ್ ಆಫ್ ಆದಾಗ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕನ್ವೇಯರ್ ಸಾಲನ್ನು ಯಂತ್ರಗಳು ಒಂದೇ ಕೇಬಲ್‌ನಲ್ಲಿ ಮಾತಾಡಿಕೊಳ್ಳುವ ಪ್ರೊಫಿಬಸ್ ಡಿಪಿ ಜಾಲಕ್ಕೆ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಲ್ಲಿಯವರೆಗೆ ಚಾಲನೆ, ನಿಲುಗಡೆ, ವೇಗ, ದೋಷಸೂಚನೆ ಎಂದು ಮೋಟಾರಿನ ವೇಗ ನಿಯಂತ್ರಿಸುವ ಪ್ರತಿ ಡ್ರೈವ್‌ನಿಂದಲೂ ಬೇರೆ ಬೇರೆ ತಂತಿಗಳು ಸಾಲನ್ನು ನಡೆಸುವ ನಿಯಂತ್ರಕ ಗಣಕವಾದ ಪಿಎಲ್‌ಸಿಯ ಪ್ಯಾನೆಲ್‌ಗೆ ಬರುತ್ತಿದ್ದವು. ಅವೆಲ್ಲದರ ಜಾಗದಲ್ಲಿ ಎರಡೆಳೆಯ ಒಂದೇ ನೇರಳೆ ಕೇಬಲ್ ಪ್ಯಾನೆಲ್‌ನಿಂದ ಹೊರಟು, ಹನ್ನೊಂದು ಡ್ರೈವ್‌ಗಳನ್ನು ಒಂದಾದ ಮೇಲೊಂದರಂತೆ ಮುಟ್ಟಿಕೊಂಡು ಹೋಯಿತು.

ಪ್ರತಿ ಡ್ರೈವ್‌ಗೂ ಬೇರೆ ಬೇರೆ ವಿಳಾಸ ಕೊಟ್ಟು, ಅದರ ಗುಣಲಕ್ಷಣಗಳನ್ನು ವಿವರಿಸುವ ಜಿಎಸ್‌ಡಿ ಕಡತವನ್ನು ಪಿಎಲ್‌ಸಿ ತಂತ್ರಾಂಶಕ್ಕೆ ಸೇರಿಸಿದೆ. ಕೇಬಲ್ ಸುಮಾರು 140 ಮೀಟರ್ ಇದ್ದುದರಿಂದ ವೇಗವನ್ನು ಸೆಕೆಂಡಿಗೆ 1.5 ಮೆಗಾಬಿಟ್‌ಗೆ ಇಟ್ಟೆ. ಆ ವೇಗಕ್ಕೆ 200 ಮೀಟರ್ ಮಿತಿ. ಮಾತುಕತೆ ಶಿಸ್ತಿನದು: ಮಾಸ್ಟರ್ ಆದ ಪಿಎಲ್‌ಸಿ ಸರದಿಯಂತೆ ಒಂದೊಂದೇ ವಿಳಾಸವನ್ನು ಕರೆದು ಆಜ್ಞೆಯನ್ನೂ ವೇಗವನ್ನೂ ಕಳಿಸುತ್ತದೆ, ಆ ಡ್ರೈವ್ ತನ್ನ ಸ್ಥಿತಿಯನ್ನು ಮರಳಿ ಒಪ್ಪಿಸುತ್ತದೆ, ಕರೆಯದೆ ಯಾವುದೂ ಬಾಯಿ ಬಿಡುವುದಿಲ್ಲ.

ಒಂದು ವಾರ ಎಲ್ಲವೂ ಸರಿಯಾಗಿತ್ತು. ಆಮೇಲೆ ಮಧ್ಯಾಹ್ನದ ಹೊತ್ತಿಗೆ ಎಂಟು, ಒಂಬತ್ತನೆಯ ಡ್ರೈವ್‌ಗಳು ಜಾಲದಿಂದ ಬಿದ್ದು ಎದ್ದು ಮಾಡತೊಡಗಿದವು. ಮೋಟಾರ್ ಕೇಬಲ್‌ನ ವಿದ್ಯುತ್ ಗದ್ದಲವೆಂದು ಶಂಕಿಸಿ ನೇರಳೆ ಕೇಬಲ್ಲನ್ನು ಬೇರೆ ಟ್ರೇಗೆ ಸರಿಸಿದೆ, ಶೀಲ್ಡ್ ಬಿಗಿಗೊಳಿಸಿದೆ. ಎರಡು ದಿನ ವ್ಯರ್ಥವಾಯಿತು. ವಿದ್ಯುತ್ ತೆಗೆದು ಎ ಮತ್ತು ಬಿ ಎಳೆಗಳ ನಡುವೆ ಅಳೆದಾಗ ಸುಮಾರು 110 ಓಮ್ ಬಂತು, ಅಂದರೆ ಎರಡು ತುದಿಗಳ 220 ಓಮ್‌ನ ಟರ್ಮಿನೇಷನ್‌ಗಳೂ (ಸಂಕೇತ ತುದಿಯಿಂದ ಪುಟಿಯದಂತೆ ತಡೆಯುವ ರೆಸಿಸ್ಟರ್ ಜೋಡಣೆಗಳು) ಇದ್ದವು. ಆ ಅಳತೆಯೇ ನನ್ನನ್ನು ದಾರಿ ತಪ್ಪಿಸಿತು.

ಮೂರನೆಯ ದಿನ ಊಟದ ಹೊತ್ತಿಗೆ ಪ್ಯಾನೆಲ್ ಬಳಿಯೇ ನಿಂತಿದ್ದೆ. ಆಪರೇಟರ್ ಬಂದು, ಸರಕಿಲ್ಲದ ಕೊನೆಯ ಕನ್ವೇಯರ್‌ನ, ಅಂದರೆ ಹನ್ನೊಂದನೆಯ ಡ್ರೈವ್‌ನ, ಮುಖ್ಯ ಸ್ವಿಚ್ಚನ್ನು ಕೆಳಗಿಳಿಸಿ ಹೋದರು. ನಿಮಿಷದೊಳಗೆ ಒಂಬತ್ತನೆಯ ಡ್ರೈವ್‌ನ ಕೆಂಪು ದೀಪ ಮಿಟುಕಿತು. ಪ್ರೊಫಿಬಸ್‌ನ ಟರ್ಮಿನೇಷನ್ ಬರಿಯ ರೆಸಿಸ್ಟರ್ ಅಲ್ಲ, ಅದಕ್ಕೆ 5 ವೋಲ್ಟ್ ಬೇಕು, ಅದು ಕನೆಕ್ಟರ್ ಸಿಕ್ಕಿಸಿದ ಉಪಕರಣದಿಂದಲೇ ಬರಬೇಕು. ಡ್ರೈವ್ ಆಫ್ ಆದರೆ ತುದಿ ಸೊರಗುತ್ತದೆ, ಸಂಕೇತ ಅಲ್ಲಿಂದ ಪುಟಿದು ಹಿಂದಿರುಗಿ ನೆರೆಯವರನ್ನು ಕೆಡಿಸುತ್ತದೆ. ಹತ್ತನೆಯ ಕನೆಕ್ಟರ್‌ನ ಟರ್ಮಿನೇಷನ್ ಆನ್ ಮಾಡೋಣವೆಂದರೆ, ಆ ಸ್ವಿಚ್ ಮುಂದಕ್ಕೆ ಹೋಗುವ ಕೇಬಲ್ಲನ್ನೇ ಕಡಿದುಬಿಡುತ್ತದೆ.

ಹನ್ನೊಂದನೆಯ ಡ್ರೈವ್‌ನ ಟರ್ಮಿನೇಷನ್ ಆಫ್ ಮಾಡಿ, ಅದರಾಚೆ ಪ್ಯಾನೆಲ್‌ನ 24 ವೋಲ್ಟ್‌ನಿಂದ ನಡೆಯುವ ಪ್ರತ್ಯೇಕ ಆಕ್ಟಿವ್ ಟರ್ಮಿನೇಟರ್ ಕೂರಿಸಿದೆ. ಈಗ ಆಪರೇಟರ್ ಸ್ವಿಚ್ ಇಳಿಸಿದರೆ ಪರದೆಯಲ್ಲಿ ಹನ್ನೊಂದನೆಯದು ಮಾತ್ರ ಕೆಂಪಾಗುತ್ತದೆ, ಉಳಿದ ಹತ್ತೂ ಓಡುತ್ತಿರುತ್ತವೆ.