ಸಭಾದ 412 ಕ್ಯಾಸೆಟ್, ಒಂದು ಸ್ಕ್ರೂ

ಚಿಕ್ಕಮಗಳೂರಿನಲ್ಲಿ ನನ್ನದು ಮೈಕ್ ಸೆಟ್ ಅಂಗಡಿ. ಮದುವೆ, ಗಣಪತಿ, ಚುನಾವಣೆ ಎಲ್ಲ ಹೊಟ್ಟೆಪಾಡಿಗೆ. ನಮ್ಮೂರಿನ ಒಂದು ಸಭಾಕ್ಕೆ ಮಾತ್ರ ಇಪ್ಪತ್ತೆಂಟು ವರ್ಷದಿಂದ ಅರ್ಧ ಬಾಡಿಗೆಗೆ ಮೈಕ್ ಹಾಕುತ್ತಿದ್ದೇನೆ. ಕಛೇರಿ, ಗಮಕ ವಾಚನ, ಕವಿಗೋಷ್ಠಿ ಏನೇ ಇರಲಿ. ಉಳಿದರ್ಧ ಬಾಡಿಗೆ ಉಪ್ಪಿಟ್ಟು, ಕಾಫಿ ರೂಪದಲ್ಲಿ ಬರುತ್ತದೆ.

ಆ ಸಭಾದ ಕಬ್ಬಿಣದ ಬೀರುವಿನಲ್ಲಿ 412 ಕ್ಯಾಸೆಟ್ ಇದ್ದವು. ಎಂಬತ್ತರ ದಶಕದ ಆರಂಭದಿಂದ ಸಿ.ಡಿ. ಬರುವ ತನಕದ್ದು. ನಮ್ಮ ಮಲೆನಾಡಿನ ಮಳೆ ಗೊತ್ತಲ್ಲ, ಅರ್ಧಕ್ಕರ್ಧ ಬೂಸ್ಟು ಹಿಡಿದಿದ್ದವು. ಕಮಿಟಿ ಮೀಟಿಂಗಿನಲ್ಲಿ ಗುಜರಿಗೆ ಹಾಕೋಣ ಅನ್ನುವ ಮಾತು ಬಂತು. ಬೆಂಗಳೂರಿನ ಒಂದು ಸ್ಟುಡಿಯೊದವರು ಕ್ಯಾಸೆಟ್‌ಗೆ 450 ರೂಪಾಯಿ ಕೇಳಿದ್ದರು. ಲೆಕ್ಕ ಹಾಕಿದರೆ ಒಂದು ಲಕ್ಷ ಎಂಬತ್ತೈದು ಸಾವಿರ. ನಾನೇ ಮಾಡ್ತೀನಿ ಅಂದೆ. ಒಬ್ಬ ಸದಸ್ಯರು ನಕ್ಕು, ‘ಮೈಕಿನವನು ಮೈಕ್ ನೋಡ್ಕೊಳ್ಳಲಿ’ ಅಂದರು. ಆ ಮಾತಿಗೋಸ್ಕರವೇ ಈ ಕೆಲಸ ಮುಗಿಸಿದೆ ಅಂದರೂ ಸುಳ್ಳಲ್ಲ. ಮೂರೂವರೆ ವರ್ಷ ಹಿಡಿಯಿತು. 370 ಚಿಲ್ಲರೆ ಕ್ಯಾಸೆಟ್ ಉಳಿದವು. ಈಗ ಹಾಸನ, ಅರಸೀಕೆರೆ ಕಡೆಯ ಸಭಾದವರೂ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ. ಆನ್‌ಲೈನಿನಲ್ಲಿ 1,800 ರೂಪಾಯಿಗೆ ಒಂದು ಯು.ಎಸ್.ಬಿ. ಕ್ಯಾಸೆಟ್ ಪ್ಲೇಯರ್ ತರಿಸಿದೆ. ಸೋಪಿನ ಡಬ್ಬಿಯಷ್ಟು ದೊಡ್ಡದು, ಅಷ್ಟೇ ಭಾರ. ಅದರಲ್ಲಿ ಅರವತ್ತು ಕ್ಯಾಸೆಟ್ ಎಳೆದೆ. ಎರಡು ತಿಂಗಳ ರಾತ್ರಿ ಹಾಳು. ಎಲ್ಲ ಹಾಡೂ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತಿತ್ತು. ಟೇಪೇ ಹಾಳಾಗಿದೆ ಅಂದುಕೊಂಡೆ. ಕಂಪ್ಯೂಟರಿನಲ್ಲಿ ಸರಿ ಮಾಡೋಣ ಅಂತ ಆಡಾಸಿಟಿ ಅನ್ನುವ ಸೌಂಡ್ ಎಡಿಟ್ ಮಾಡುವ ಸಾಫ್ಟ್ವೇರಿನಲ್ಲಿ ಕೂತೆ. ಟ್ರೆಬಲ್ ಏರಿಸಿದರೆ ಟೇಪಿನ ಹಿಸ್ (ಸುಯ್ ಅನ್ನುವ ಸದ್ದು) ಎದ್ದು ಬರುತ್ತಿತ್ತು. ಹಿಸ್ ತೆಗೆಯೋಣ ಅಂತ ನಾಯ್ಸ್ ರಿಡಕ್ಷನ್‌ಗೆ ಹಾಡು ಶುರುವಾಗುವ ಮುಂಚಿನ ನಾಲ್ಕು ಸೆಕೆಂಡ್ ಮಾದರಿಯಾಗಿ ಕೊಟ್ಟೆ. ಆ ನಾಲ್ಕು ಸೆಕೆಂಡಿನಲ್ಲಿ ತಂಬೂರಿ ಮೀಟುತ್ತಿತ್ತು, ನನಗೆ ಹೊಳೆಯಲೇ ಇಲ್ಲ. ತಂಬೂರಿಯನ್ನೇ ಗದ್ದಲ ಅಂತ ತಿಳಿದು ಅದು ಇಡೀ ಕಛೇರಿಯಿಂದ ಅಳಿಸಿ ಹಾಕಿತು. ಶ್ರುತಿಯೇ ಇಲ್ಲದ ಸಂಗೀತ, ಅದೂ ನೀರಿನೊಳಗಿಂದ. ಕಾರ್ಯದರ್ಶಿಗಳಿಗೆ ಕೇಳಿಸಿದೆ. ಪಾಪ, ‘ಪರವಾಗಿಲ್ಲ’ ಅಂದರು.

ಬೂಸ್ಟಿನ ವಿಷಯಕ್ಕೂ ಒಂದು ಪ್ರಯೋಗ ಮಾಡಿದೆ. ನೆಂಟರ ತೋಟದಲ್ಲಿ ಕಾಫಿ ಒಣಗಿಸುವ ಕಣ ಇದೆಯಲ್ಲ, ಮಾಘದ ಬಿಸಿಲಿಗೆ ಅಲ್ಲೇ ಹರಡೋಣ ಅನ್ನಿಸಿತು. ಪುಣ್ಯಕ್ಕೆ ನಾಲ್ಕು ಹಳೇ ಸಿನಿಮಾ ಕ್ಯಾಸೆಟ್ ಮಾತ್ರ ಇಟ್ಟೆ. ಮಧ್ಯಾಹ್ನಕ್ಕೆ ಮೂರರ ಡಬ್ಬಿ ಸೊಟ್ಟಗಾಗಿ ಹಪ್ಪಳದ ಹಾಗಿದ್ದವು. ಕೊನೆಗೆ ಕೈಗೂಡಿದ್ದು ಹಳೇ ಉಪಾಯವೇ. ಬೀರುವಿನಲ್ಲಿ ತೇವ ಹೀರುವ ಸಿಲಿಕಾ ಜೆಲ್, ಒಂದು ತೇವಾಂಶದ ಮೀಟರ್ (400 ರೂಪಾಯಿ), ಹದಿನೈದು ದಿನ ಕಾಯುವುದು. ಆಮೇಲೆ ಹೆಡ್ (ಟೇಪ್ ಓದುವ ಭಾಗ) ಬಿಚ್ಚಿಟ್ಟ ಹಳೇ ಡೆಕ್‌ನಲ್ಲಿ ಟೇಪ್ ಎರಡೆರಡು ಸಲ ಆ ಕಡೆ ಈ ಕಡೆ ಸುತ್ತಿಸುವುದು. ದಾರಿಯಲ್ಲಿ ಐಸೊಪ್ರೊಪೈಲ್ ಸ್ಪಿರಿಟ್ ತಾಗಿದ ಬಟ್ಟೆ ಒರೆಸುತ್ತಿರಬೇಕು. ಆ ಬಟ್ಟೆ ಯಾವುದು, ಎಷ್ಟು ಒದ್ದೆ, ಎಲ್ಲಿ ಕಟ್ಟಿದ್ದೇನೆ ಅನ್ನೋದನ್ನ ಇಲ್ಲಿ ಬರೆಯೋದಿಲ್ಲ. ಅದಕ್ಕೆ ನಾನು ಒಂಬತ್ತು ಕ್ಯಾಸೆಟ್ ಬಲಿ ಕೊಟ್ಟಿದ್ದೇನೆ. ಮಾಸ್ಕ್ ಮಾತ್ರ ಹಾಕಿಕೊಳ್ಳಿ. ನಾನು ಹಾಕದೆ ಒಂದು ವಾರ ಕೆಮ್ಮಿದೆ.

ಇನ್ನು ಸ್ಕ್ರೂ ವಿಷಯ. ಹೆಡ್ಡಿನ ಕೋನ ಹೊಂದಿಸುವ ಅಜಿಮತ್ ಸ್ಕ್ರೂ ಈ ಕೆಲಸದವರಿಗೆಲ್ಲ ಗೊತ್ತಿರುವುದೇ. ನನಗೂ ಗೊತ್ತಿತ್ತು. ಆದರೆ ಆ ಕಡೆ ಯೋಚನೆ ಹೋಗಿರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ 7,500 ಕೊಟ್ಟು ಒಂದು ಭಾರದ ಡೆಕ್ ತಂದೆ. ಹೊಸ ಬೆಲ್ಟ್ ಹಾಕಿ, ಕಂಬಳಿ ಹೊದ್ದಿದ್ದ ಕ್ಯಾಸೆಟ್ ಒಂದನ್ನ ಹಾಕಿದೆ. ದೇವನೂರು ಲಕ್ಷ್ಮೀಶನ ಜೈಮಿನಿ ಭಾರತದ ವಾಚನ, ಚಂದ್ರಹಾಸನ ಕಥೆ. ದೇವನೂರು ಅಂದರೆ ನಮ್ಮ ಕಡೂರು ತಾಲ್ಲೂಕಿನದೇ. ನಮ್ಮ ಗಮಕಿಗಳಿಗೆ ಅದು ಮನೆ ಕಾವ್ಯ. ಸೌಂಡ್ ಮೋನೋಗೆ (ಎಡ ಬಲ ಎರಡೂ ಸೇರಿಸಿ ಒಂದೇ) ಹಾಕಿ, ಸಣ್ಣ ಸ್ಕ್ರೂಡ್ರೈವರ್ ತಗೊಂಡು ಕೂದಲೆಳೆಯಷ್ಟು ತಿರುಗಿಸಿದೆ. ಏನೂ ಇಲ್ಲ. ಇನ್ನೊಂದು ಚೂರು. ‘ಶ್ರೀ’ ಅನ್ನುವಲ್ಲಿನ ಶ ಕಾರ ಪರದೆ ಸರಿಸಿದ ಹಾಗೆ ಹೊರಗೆ ಬಂತು. ಗಮಕಿ ಪುಟ ತಿರುಗಿಸಿದ ಸದ್ದು ಕೇಳಿತು. ಆ ಟೇಪಿಗೆ ಏನೂ ಆಗಿರಲಿಲ್ಲ. ರೆಕಾರ್ಡ್ ಮಾಡಿದ ಮೆಷಿನ್ನಿನ ಹೆಡ್ಡೇ ಸೊಟ್ಟ ಇತ್ತು. ಸೊಟ್ಟ ಬರೆದದ್ದನ್ನ ಸೊಟ್ಟಗೇ ಓದಬೇಕು, ಅಷ್ಟೆ.

ಇಲ್ಲೇ ಕಮಿಟಿಯವರಿಗೂ ನನಗೂ ಜಗಳ ಶುರುವಾಗಿದ್ದು. ಅವರು ವರ್ಷದ ಪ್ರಕಾರ ಜೋಡಿಸಿ, 1983ರಿಂದ ಸಾಲಾಗಿ ಮಾಡು ಅಂದರು. ನಾನು ಮೆಷಿನ್ ಪ್ರಕಾರ ಗುಡ್ಡೆ ಹಾಕ್ತೀನಿ ಅಂದೆ. ಸಭಾ ಇಷ್ಟು ವರ್ಷದಲ್ಲಿ ಬಳಸಿದ್ದು ಒಟ್ಟು ಐದೇ ಮೆಷಿನ್. ಹಳೇ ಕಾರ್ಯದರ್ಶಿಗಳ ಟೂ-ಇನ್-ಒನ್ (ರೇಡಿಯೊ, ಟೇಪ್ ಎರಡೂ ಇರುವುದು), ಒಬ್ಬ ಮೇಷ್ಟ್ರದ್ದು ಇನ್ನೊಂದು, ನನ್ನ ಎರಡು ಡೆಕ್, ಯಾರೋ ದುಬೈಯಿಂದ ತಂದುಕೊಟ್ಟದ್ದು ಒಂದು. ಒಂದು ಮೆಷಿನ್ನಿನಲ್ಲಿ ರೆಕಾರ್ಡ್ ಆದದ್ದೆಲ್ಲ ಒಂದೇ ಕೋನ. ಒಂದು ಗುಡ್ಡೆಗೆ ಒಂದು ಸಲ ಸ್ಕ್ರೂ ಹೊಂದಿಸಿದರೆ ಎಂಬತ್ತು ಕ್ಯಾಸೆಟ್ ಸರಾಗ, ಸುಮ್ನೆ ಒಂದು ಚೂರು ಕಿವಿಗೊಟ್ಟರೆ ಸಾಕು. ‘ಕ್ಯಾಸೆಟ್ ನೋಡಿ ಮೆಷಿನ್ ಹೇಳೋಕೆ ನೀನೇನು ಜ್ಯೋತಿಷಿಯಾ’ ಅಂದರು. ಹೇಳಬಹುದು. ಟೂ-ಇನ್-ಒನ್ ಆದರೆ ಅದರ ಒಳಗಿನ ಮೈಕಿಗೆ ಮೋಟರಿನ ಗುರ್ ಸದ್ದು ಬಿದ್ದಿರುತ್ತದೆ. ಚಪ್ಪಾಳೆ ಆದ ತಕ್ಷಣ ದನಿ ಕುಗ್ಗಿ, ಎರಡು ಕ್ಷಣ ಬಿಟ್ಟು ನಿಧಾನಕ್ಕೆ ಏಳುತ್ತದೆ. ಅದು ಸದ್ದನ್ನ ತಾನೇ ಏರಿಸಿ ಇಳಿಸುವ ಆಟೋ ಲೆವೆಲ್ಲಿನ ಗುಣ. ಮೈಕ್ ಮಿಕ್ಸರಿನಿಂದ ಡೆಕ್ಕಿಗೆ ತೆಗೆದದ್ದರಲ್ಲಿ ಈ ಕುಗ್ಗುವಿಕೆ ಇರುವುದಿಲ್ಲ. ರೆಕಾರ್ಡ್ ಬಟನ್ ಒತ್ತಿದ ‘ಟಕ್’ ಕೂಡ ಒಂದೊಂದು ಮೆಷಿನ್ನಿಗೆ ಒಂದೊಂದು ಥರ. ಇನ್ನೂ ಒಂದೆರಡು ಗುರುತು ಇವೆ, ಇರಲಿ. ಕೊನೆಗೆ ಐದರ ಬದಲು ಆರು ಗುಡ್ಡೆ ಆಯಿತು. ನಡುವೆ ಯಾವನೋ ರಿಪೇರಿಯವನು ಮೇಷ್ಟ್ರ ಮೆಷಿನ್ನಿನ ಹೆಡ್ ಮುಟ್ಟಿದ್ದ.

ವೇಗದ್ದು ಇನ್ನೊಂದು ತಲೆನೋವು. ಟೂ-ಇನ್-ಒನ್ ಗುಡ್ಡೆಯಲ್ಲಿ ಎಲ್ಲರ ದನಿಯೂ ಹೆಚ್ಚು ಕಡಿಮೆ ಅರ್ಧ ಸ್ವರ ಮೇಲೆ. ಅಂದರೆ ವೇಗ ಶೇಕಡ 6ರ ಹತ್ತಿರ ಜಾಸ್ತಿ. ಟೇಪಿನಲ್ಲಿ ಕರೆಂಟಿನ ಹಮ್ (ಗುಂಯ್ ಅನ್ನುವ ಸದ್ದು) ಇರುತ್ತದಲ್ಲ, ಅದು ಕರೆಂಟಿನ 50 ಹರ್ಟ್ಸ್ ಲೆಕ್ಕಕ್ಕೆ ಬರುವ ಹಾಗೆ ಮಾಡಿದರೆ ಆಯಿತು ಅಂತ ಲೆಕ್ಕ ಹಾಕಿದೆ. ಬುದ್ಧಿವಂತಿಕೆ ಅಂದುಕೊಂಡೆ. ಆದರೆ ಆ ಕಾಲದಲ್ಲಿ ಲೋಡ್ ಜಾಸ್ತಿಯಾಗಿ ಕರೆಂಟೇ ಎಷ್ಟೋ ಸಲ 50ಕ್ಕಿಂತ ಕೆಳಗೆ ಓಡುತ್ತಿತ್ತು, ನಂಬುವ ಹಾಗಿಲ್ಲ. ಸಭಾದ ಅಟ್ಟದಲ್ಲಿ ಹಳೇ ಹಾರ್ಮೋನಿಯಂ ಸಿಕ್ಕಿತು. ಗಮಕಿಗಳಿಗೆ ಶ್ರುತಿ ಹಿಡಿಯುತ್ತಿದ್ದದ್ದು ಅದೇ. ಒಂದು ಸ್ವರದ ರೀಡ್ ಮಾತ್ರ ಸತ್ತಿತ್ತು. ಅದರ ಷಡ್ಜಕ್ಕೆ ಟೇಪಿನ ಷಡ್ಜ ಕೂರಿಸಿದೆ. ಸರಿಹೋಯಿತು.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಎರಡು ಡೆಕ್ 12,500. ಡೆಕ್ಕಿನ ಸದ್ದನ್ನ ಕಂಪ್ಯೂಟರಿಗೆ ಕೊಡುವ ಆಡಿಯೊ ಇಂಟರ್‌ಫೇಸ್ 9,000. ಎರಡು ಟಿ.ಬಿ.ಯ ಎರಡು ಹಾರ್ಡ್ ಡಿಸ್ಕ್, ಒಂದು ಸಭಾದಲ್ಲಿ, ಇನ್ನೊಂದು ನನ್ನ ಮನೆಯಲ್ಲಿ, 12,000. ಬೆಲ್ಟು, ಸ್ಪಿರಿಟ್ಟು, ಖಾಲಿ ಕ್ಯಾಸೆಟ್ಟು, ಬಸ್ ಚಾರ್ಜು ಸೇರಿ ಹತ್ತು ಸಾವಿರ. ಖಾಲಿ ಕ್ಯಾಸೆಟ್ ಯಾಕೆ ಅಂದರೆ ಹಳೆಯದರಲ್ಲಿ ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಯಾಡ್ ಉದುರಿರುತ್ತದೆ, ಹೊಸದರಿಂದ ಕೀಳಬೇಕು. ಮೊದಲು ಕಳೆದದ್ದೂ ಸೇರಿಸಿ ಐವತ್ತು ಸಾವಿರ ದಾಟಿಲ್ಲ. ಸಭಾ ಕೊಟ್ಟದ್ದು ಮೂವತ್ತು. ರೆಕಾರ್ಡಿಂಗನ್ನ ಮೊದಲು ಅತಿ ಸೂಕ್ಷ್ಮದ 96 ಕಿಲೋಹರ್ಟ್ಸ್‌ನಲ್ಲಿ ತೆಗೆದೆ, ಗಂಟೆಗೆ ಎರಡು ಜಿ.ಬಿ. ಮಾತಿಗೆ ಅದು ದಂಡ. 24 ಬಿಟ್, 48ಕ್ಕೆ ಇಳಿಸಿದೆ, ಗಂಟೆಗೆ ಒಂದು ಜಿ.ಬಿ. ಇನ್ನೊಂದು ಉಳಿತಾಯ: ಟೇಪ್ ಎಲ್ಲ ಮೋನೋ ತಾನೆ? ಒಂದು ಡೆಕ್ ಎಡಕ್ಕೆ, ಇನ್ನೊಂದು ಬಲಕ್ಕೆ ಕೊಟ್ಟು ಒಂದೇ ಸಲ ಎರಡು ಕ್ಯಾಸೆಟ್ ಎಳೆದೆ. ಹಿಸ್ ಒಂದು ಚೂರು ಜಾಸ್ತಿ ಬರುತ್ತದೆ. ಅದಕ್ಕೇ ಭಾಷಣಗಳಿಗೆ ಮಾತ್ರ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಟ್ಟು ರೆಕಾರ್ಡ್ ಮಾಡಿ, ಅರ್ಧ ಹಮ್ ಅಲ್ಲೇ ಹೋಗುತ್ತದೆ.

ಆನ್‌ಲೈನಿಗೆ ಹಾಕಿದ ಮೇಲಾದರೂ ಜನ ಬಂದರಾ? ಇಲ್ಲ. ಎರಡೂವರೆ ಗಂಟೆಯ ಕಛೇರಿ ಪೂರ್ತಿ ಹಾಕಿದೆ. ಮೂರು ತಿಂಗಳಿಗೆ ಹದಿನೇಳು ಜನ, ಅದರಲ್ಲಿ ಒಂಬತ್ತು ಸಲ ನಾನೇ. ಮೇಲಿಂದ ಒಂದು ರೆಕಾರ್ಡ್ ಕಂಪನಿ ಹೆಸರಿನಲ್ಲಿ ನೋಟಿಸ್. ಇದು ನಮ್ಮ ಹಾಡು ಅಂತ! ತ್ಯಾಗರಾಜರ ಕೃತಿ, ನಮ್ಮೂರ ಕಲಾವಿದರು, ನಾನೇ ಕೂತು ರೆಕಾರ್ಡ್ ಮಾಡಿದ್ದು. ಬರೆದು ಹಾಕಿದ ಮೇಲೆ ಒಂದು ತಿಂಗಳಿಗೆ ಬಿಟ್ಟರು. ಆಮೇಲೆ ತುಂಡು ಮಾಡಿದೆ. ಒಂದು ಕೃತಿ, ಒಂದು ಕವಿತೆ, ಒಂದು ಪ್ರಸಂಗ ಒಂದೊಂದು ತುಂಡು. ಹೆಸರು ಕನ್ನಡದಲ್ಲಿ, ರಾಗ, ತಾಳ, ಪಕ್ಕವಾದ್ಯದವರ ಹೆಸರೂ ಸೇರಿಸಿ. ಶನಿವಾರ ಸಂಜೆ ಆರಕ್ಕೆ ಒಂದೇ ಒಂದು. ಚಂದ್ರಹಾಸನ ಹನ್ನೊಂದು ನಿಮಿಷದ ತುಂಡನ್ನ ಆರೇಳು ಸಾವಿರ ಜನ ಕೇಳಿದ್ದಾರೆ. ಪೂರ್ತಿ ಕಡತಗಳನ್ನ ಆರ್ಕೈವ್.ಆರ್ಗ್‌ನಲ್ಲಿ ಇಟ್ಟಿದ್ದೇನೆ, ಬೇಕಾದವರು ಅಲ್ಲಿ ಕೇಳಲಿ.

ಅನುಮತಿ ಇಲ್ಲದೆ ಒಂದನ್ನೂ ಹಾಕಬೇಡಿ. ಹಾಡಿದವರಿಗೆ ತಮ್ಮ ಹಾಡಿನ ಮೇಲೆ 50 ವರ್ಷ ಹಕ್ಕು ಇರುತ್ತದೆ. ಕವಿತೆ ಆದರೆ ಕವಿ ಹೋದ ಮೇಲೂ 60 ವರ್ಷ. ಲಕ್ಷ್ಮೀಶನದ್ದು ಯಾರನ್ನೂ ಕೇಳಬೇಕಿಲ್ಲ, ಓದಿದ ಗಮಕಿಯ ಮನೆಯವರನ್ನ ಕೇಳಬೇಕು. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ಹೋದವರು, ಅವರ ಕೃತಿಗಳು 2022ರಿಂದ ಎಲ್ಲರವೂ. ಬೇಂದ್ರೆ, ಕುವೆಂಪು ಇನ್ನೂ ಆಗಿಲ್ಲ. ಕವಿಗೋಷ್ಠಿಯಲ್ಲಿ ಯಾರಾದರೂ ಅವರ ಪದ್ಯ ಹಾಡಿದ್ದರೆ ಆ ಜಾಗ ಪಕ್ಕಕ್ಕೆ ಇಟ್ಟಿದ್ದೇನೆ. ಅರವತ್ತು ಚಿಲ್ಲರೆ ಮನೆಗಳಿಗೆ ಹಾಡಿನ ಸಮೇತ ಪತ್ರ ಕಳಿಸಿದೆ. ನಲವತ್ತು ಮನೆಯವರು ಒಪ್ಪಿದರು. ಆರು ಬೇಡ ಅಂದರು. ಉಳಿದವರದ್ದು ಉತ್ತರವಿಲ್ಲ, ಅವು ಬೀರುವಿನಲ್ಲೇ ಇವೆ. ಒಬ್ಬರು ಬೇಡ ಅಂದಿದ್ದಕ್ಕೆ ಕಾರಣ, ಆವತ್ತು ಅಪ್ಪನಿಗೆ ನೆಗಡಿ ಇತ್ತು, ಅದನ್ನ ಊರೆಲ್ಲ ಕೇಳೋದು ಬೇಡ ಅಂತ. ಇನ್ನೊಬ್ಬರು ಉಲ್ಟಾ. ಅವರ ತಂದೆ ನೀರು ಕುಡಿದು, ಗಂಟಲು ಸರಿಮಾಡಿ, ‘ಫ್ಯಾನ್ ಆರಿಸ್ರಯ್ಯ’ ಅಂದದ್ದನ್ನ ನಾನು ಕತ್ತರಿಸಿದ್ದೆ. ಅದನ್ನ ವಾಪಸ್ ಹಾಕಿ ಅಂದರು. ಹಾಕಿದೆ.

ತಾರೀಕು ಬರೆಯದ ಕ್ಯಾಸೆಟ್ಟೇ ಜಾಸ್ತಿ. ಭಾನುವಾರ ನಾಲ್ಕೈದು ಹಿರಿಯರನ್ನ ಕೂರಿಸಿ ಕೇಳಿಸುತ್ತಿದ್ದೆ. ಒಂದು ಕವಿಗೋಷ್ಠಿಯಂತೂ ಯಾರಿಗೂ ಗೊತ್ತಾಗಲಿಲ್ಲ. ಕ್ಯಾಸೆಟ್ ಶುರುವಿನಲ್ಲಿ ಏನೂ ಇಲ್ಲ, ಬರೀ ಹಿಸ್. ಖಾಲಿ ಅಂತ ನಾನು ಓಡಿಸುತ್ತಿದ್ದ ಜಾಗ ಅದು. ನಿಲ್ಲಿಸಿ ಕೇಳಿದರೆ ಕುರ್ಚಿ ಕಿರುಗುಟ್ಟುತ್ತದೆ, ಯಾರೋ ಕೆಮ್ಮುತ್ತಾರೆ. ಒಂದೂ ಮುಕ್ಕಾಲು ನಿಮಿಷ ಆದ ಮೇಲೆ ‘ಕುವೆಂಪು ಅವರ ಆತ್ಮಕ್ಕೆ...’ ಅಂತ ಅರ್ಧ ವಾಕ್ಯ. ಮೌನಾಚರಣೆ! ಹಾಗಾದರೆ ಅದು 1994ರ ನವೆಂಬರ್, 11ನೇ ತಾರೀಕಿನ ಆಮೇಲೆ. ಅವರು ಹುಟ್ಟಿದ್ದು ನಮ್ಮ ಜಿಲ್ಲೆಯ ಹಿರೇಕೊಡಿಗೆಯಲ್ಲಿ ಅಂತ ಆಮೇಲೆ ಒಬ್ಬರು ಹತ್ತು ನಿಮಿಷ ಮಾತಾಡಿದ್ದಾರೆ. ಆ ಮೌನವನ್ನೂ ಕತ್ತರಿಸದೆ ಇಟ್ಟಿದ್ದೇನೆ. ಕೆಲವರು ಸೌಂಡ್ ಬರ್ತಿಲ್ಲ ಅಂತ ಫೋನ್ ಮಾಡುತ್ತಾರೆ.

ಸುಮ್ನೆ ಮಾಡಿದ ಇನ್ನೊಂದು ಪ್ರಯೋಗ ಎಲ್ಲಕ್ಕಿಂತ ಚೆನ್ನಾಗಿ ನಡೆದಿದೆ. ಸಭಾದಲ್ಲಿ ಕಾರ್ಯಕ್ರಮ ಶುರುವಾಗುವ ಕಾಲು ಗಂಟೆ ಮುಂಚೆ ಹಳೇ ತುಂಡೊಂದನ್ನ ಹಾಲ್‌ನಲ್ಲಿ ಹಾಕುತ್ತೇನೆ. ಯಾರದ್ದು ಅಂತ ಹೇಳುವುದಿಲ್ಲ. ಗುರುತು ಹಿಡಿಯೋಕೆ ಅಂತಲೇ ಜನ ಮುಂಚೆ ಬರುತ್ತಾರೆ. ಮೈಕಿನವನು ಮೈಕ್ ನೋಡ್ಕೊಳ್ಳಲಿ ಅಂದವರು ಮೊದಲ ಸಾಲಿನಲ್ಲೇ ಇರುತ್ತಾರೆ.

ಮೊನ್ನೆ ತರೀಕೆರೆ ಕಡೆಯಿಂದ ಒಬ್ಬರು ಟ್ರಂಕ್ ತಂದು ಇಟ್ಟು ಹೋದರು. ಹದಿನಾಲ್ಕು ಸ್ಪೂಲ್ ಟೇಪು, ಎಲ್ಲ ಕ್ಯಾಸೆಟ್ಟಿಗಿಂತ ಹಿಂದಿನವು. ನನ್ನ ಹತ್ತಿರ ಸ್ಪೂಲ್ ಮೆಷಿನ್ ಇಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಹೇಳಿ, ಓಡದೆ ಇದ್ದರೂ ಪರವಾಗಿಲ್ಲ. ಬಾಡಿಗೆ ಕೊಡುತ್ತೇನೆ. ಪೂರ್ತಿ ಬಾಡಿಗೆ.